ಕಾರ್ಡ್ 71 ಡಿಗ್ರಿ ತೋರಿಸ್ತಿದೆ, ಓವರ್‌ಕ್ಲಾಕ್ ಮಾಡ್ಲಾ?

ಪ್ರಶ್ನೆ: ಸರ್, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ತಗೊಂಡಿದೀನಿ, ಮೂರು ಫ್ಯಾನಿನ ದೊಡ್ಡ ಮಾಡೆಲ್. ರಿವ್ಯೂನಲ್ಲಿ 62 ಡಿಗ್ರಿ ಅಂದಿದ್ರು, ನನಗೆ ಗೇಮ್ ಆಡುವಾಗ 71 ಬರ್ತಿದೆ. ಕೂಲರ್ ಸರಿ ಇಲ್ವಾ? ಓವರ್‌ಕ್ಲಾಕ್ ಮಾಡ್ಬಹುದಾ, ಅಂದ್ರೆ ಕಂಪನಿ ಇಟ್ಟಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸ್ಬಹುದಾ?

ಉತ್ತರ: ಗಾಬರಿ ಬೇಡ, ಬರೀ 62, 71 ಅಂತ ಎರಡು ನಂಬರ್ ಪಕ್ಕಪಕ್ಕ ಇಟ್ರೆ ಏನೂ ಗೊತ್ತಾಗಲ್ಲ. ಅವ್ರ ರೂಮು 21 ಡಿಗ್ರಿ ಇದ್ದು ನಿಮ್ಮದು 30 ಇದ್ರೆ ಎರಡೂ ಕಡೆ ಏರಿಕೆ 41 ಡಿಗ್ರಿನೇ ಅಲ್ವಾ, ಅಲ್ಲಿಗೆ ಎರಡೂ ಕೂಲರ್ ಸಮಾನೇ ಆಯ್ತು. ಅದ್ರ ಮೇಲೆ ಅವ್ರು ಕ್ಯಾಬಿನೆಟ್ ಇಲ್ದೆ ಓಪನ್ ಬೆಂಚ್ ಮೇಲಿಟ್ಟು ಟೆಸ್ಟ್ ಮಾಡಿದ್ರಾ, ಫ್ಯಾನ್ ಎಷ್ಟು ಜೋರಾಗಿ ತಿರುಗ್ತಿತ್ತು, ಕಾರ್ಡ್ ಎಷ್ಟು ವಾಟ್ ಎಳೀತಿತ್ತು, ಇಷ್ಟೂ ಹೇಳ್ದೆ ಟೆಂಪರೇಚರ್ ಒಂದೇ ಹೇಳೋ ರಿವ್ಯೂನ ನಾನಂತೂ ಪಕ್ಕಕ್ಕಿಡ್ತೀನಿ. ಫ್ಯಾನ್ ಕಿರುಚಿಸಿದ್ರೆ ಯಾವ ಕಾರ್ಡೂ ತಣ್ಣಗಿರತ್ತೆ. ಒಂದೇ ವಾಟ್, ಒಂದೇ ಸದ್ದಿಗೆ ಸೆಟ್ ಮಾಡಿ ಆಮೇಲೆ ಡಿಗ್ರಿ ಹೋಲ್ಸಿದ್ರೆ ಮಾತ್ರ ಕೂಲರ್‌ನ ನಿಜವಾದ ಯೋಗ್ಯತೆ ಗೊತ್ತಾಗೋದು.

ನೀವು ಚೆಕ್ ಮಾಡೋದಾದ್ರೆ ಕ್ಯಾಬಿನೆಟ್ ಮುಚ್ಚಿ ಅರ್ಧ ಗಂಟೆ ಗೇಮ್ ಓಡ್ಸಿ, ಅಷ್ಟು ದಪ್ಪ ಹೀಟ್‌ಸಿಂಕ್ ಐದು ನಿಮಿಷಕ್ಕೆಲ್ಲ ಪೂರ್ತಿ ಬಿಸಿಯಾಗಲ್ಲ. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಾಟ್‌ಸ್ಪಾಟ್, ಅಂದ್ರೆ ಚಿಪ್‌ನ ಅತಿ ಬಿಸಿ ಜಾಗ ನೋಡಿ, ಮಾಮೂಲಿ ತೋರ್ಸೋ ಕೋರ್ ಟೆಂಪರೇಚರ್‌ಗಿಂತ 10–15 ಡಿಗ್ರಿ ಜಾಸ್ತಿ ಇದ್ರೆ ಮಾಮೂಲಿ. 25–30 ವ್ಯತ್ಯಾಸ ಬಂದ್ರೆ ಚಿಪ್‌ಗೂ ಕೂಲರ್‌ಗೂ ನಡುವಿನ ಪೇಸ್ಟ್ ಸರಿಯಾಗಿ ಹರಡಿಲ್ಲ ಇಲ್ಲಾ ಕೂಲರ್ ಚಿಪ್ ಮೇಲೆ ಸರಿಯಾಗಿ ಕೂತಿಲ್ಲ ಅಂತ ಅನುಮಾನ ಪಡಿ, ವಾರಂಟಿ ಇರುವಾಗ್ಲೇ ಕೇಳಿ. ಕೋರ್‌ಗೆ ಎನ್ವಿಡಿಯಾ ಹೇಳೋ ಮಿತಿ 90 ಡಿಗ್ರಿ, ನಿಮ್ಮ 71 ಆರಾಮಾಗೇ ಇದೆ.

ಓವರ್‌ಕ್ಲಾಕ್ ಮಾಡಿ, ಆದ್ರೆ ಆಸೆ ಕಮ್ಮಿ ಇಟ್ಕೊಳ್ಳಿ. ಈ ಕಾರ್ಡ್‌ಗೆ ಕಂಪನಿ ಹೇಳೋ ಬೂಸ್ಟ್ ಕ್ಲಾಕ್ (ಲೋಡ್ ಬಿದ್ದಾಗ ಚಿಪ್ ಏರೋ ವೇಗ) 2520 ಮೆಗಾಹರ್ಟ್ಸ್, ಆದ್ರೆ ತಣ್ಣಗಿದ್ರೆ ಏನೂ ಮುಟ್ಟದೇನೇ ಗೇಮ್‌ನಲ್ಲಿ 2700ರ ಆಸುಪಾಸು ಓಡತ್ತೆ, ಅಂದ್ರೆ ಓವರ್‌ಕ್ಲಾಕ್‌ನ ಒಂದಷ್ಟು ಪಾಲು ಅದೇ ಮಾಡ್ಕೊಂಡಿರತ್ತೆ. ಓವರ್‌ಕ್ಲಾಕ್ ಮಾಡೋ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಎಷ್ಟೇ ಒದ್ದಾಡಿದ್ರೂ ಸಾಮಾನ್ಯವಾಗಿ ಸಿಗೋದು 100 ಫ್ರೇಮಿಗೆ ಇನ್ನೊಂದು ಐದು. ಇನ್ನು ಮೆಮೊರಿ ವಿಷ್ಯದಲ್ಲಿ ಹುಷಾರು, ಈ ಕಾರ್ಡ್‌ನ ಜಿಡಿಡಿಆರ್6ಎಕ್ಸ್ ಮೆಮೊರಿಯಲ್ಲಿ ತಪ್ಪು ಕಂಡ್ರೆ ಡೇಟಾ ಮತ್ತೆ ಕಳ್ಸೋ ವ್ಯವಸ್ಥೆ ಇದೆ, ಹಂಗಾಗಿ ಮಿತಿ ಮೀರಿದ್ರೂ ಕ್ರ್ಯಾಶ್ ಆಗ್ದೇನೇ ಸುಮ್ನೆ ಬೆಂಚ್‌ಮಾರ್ಕ್ ಟೆಸ್ಟ್‌ನ ಸ್ಕೋರ್ ಇಳಿಯತ್ತೆ. ಸ್ವಲ್ಪಸ್ವಲ್ಪವೇ ಏರ್ಸಿ, ಪ್ರತಿ ಸಲ ಸ್ಕೋರ್ ನೋಡಿ, ಇಳಿಯೋಕೆ ಶುರುವಾದ ಜಾಗದಿಂದ ಹಿಂದೆ ಬನ್ನಿ.

ಪ್ರಶ್ನೆ: ಓವರ್‌ಕ್ಲಾಕ್ ಮಾಡಿದ್ಮೇಲೆ ಫರ್‌ಮಾರ್ಕ್ (ಕಾರ್ಡ್‌ಗೆ ಭಾರಿ ಲೋಡ್ ಹಾಕೋ ಟೆಸ್ಟ್) ಒಂದು ಗಂಟೆ ಓಡ್ತು, ಏನೂ ಆಗ್ಲಿಲ್ಲ, ಗೇಮ್ ಮಾತ್ರ ಹತ್ತೇ ನಿಮಿಷಕ್ಕೆ ಡೆಸ್ಕ್‌ಟಾಪ್‌ಗೆ ಬಿಸಾಕತ್ತೆ. ಯಾಕೆ?

ಉತ್ತರ: ಫರ್‌ಮಾರ್ಕ್ ವಿಪರೀತ ವಾಟ್ ಎಳೆಯೋದ್ರಿಂದ ಕಾರ್ಡ್ ತನ್ನ ಪವರ್ ಮಿತಿ ಮುಟ್ಟಿ ಕ್ಲಾಕ್ ಇಳಿಸ್ಕೊಳ್ಳತ್ತೆ, ಅಂದ್ಮೇಲೆ ನೀವು ಏರ್ಸಿದ ಕ್ಲಾಕ್‌ಗೆ ಪರೀಕ್ಷೆನೇ ಆಗ್ಲಿಲ್ಲ! ಗೇಮ್‌ನಲ್ಲಿ ಲೋಡ್ ಹಗುರ ಆದಾಗ ಕ್ಲಾಕ್ ಮೇಲಕ್ಕೆ ಹಾರತ್ತೆ, ಬೀಳೋದು ಅಲ್ಲೇ. ಬಿಸಿ ನೋಡೋಕೆ ಫರ್‌ಮಾರ್ಕ್ ಸರಿ, ಸ್ಟೆಬಿಲಿಟಿಗೆ ರೇ ಟ್ರೇಸಿಂಗ್ (ಬೆಳಕು-ನೆರಳನ್ನ ಲೆಕ್ಕ ಹಾಕಿ ತೋರ್ಸೋದು) ಇರೋ ಗೇಮ್ ಒಂದೆರಡು ಆಡಿ ನೋಡಿ. ಸದ್ಯಕ್ಕೆ ಕೋರ್ 30 ಮೆಗಾಹರ್ಟ್ಸ್ ಇಳ್ಸಿ.

ಪ್ರಶ್ನೆ: ಸ್ಪೀಡ್ ಸಾಕು ಸರ್, ನನಗೆ ಸದ್ದು ಕಮ್ಮಿ ಆಗ್ಬೇಕು. ನನ್ನದೂ 4090.

ಉತ್ತರ: ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಸ್ಲೈಡರ್ 70 ಪರ್ಸೆಂಟ್‌ಗೆ ಎಳೀರಿ. 450 ವಾಟ್ ಕಾರ್ಡ್ 315ಕ್ಕೆ ಬರತ್ತೆ, ಹೆಚ್ಚಿನ ಗೇಮ್‌ಗಳಲ್ಲಿ ಫ್ರೇಮ್ ಹೋಗೋದು ನೂರಕ್ಕೆ ಹತ್ತಕ್ಕಿಂತ ಕಮ್ಮಿ. ವೋಲ್ಟೇಜ್‌ನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಪವರ್ ಏರೋದ್ರಿಂದ ಕೊನೇ ನೂರಿನ್ನೂರು ಮೆಗಾಹರ್ಟ್ಸ್‌ಗೇ ಸಿಕ್ಕಾಪಟ್ಟೆ ಕರೆಂಟು ಖರ್ಚಾಗತ್ತೆ, ಅಷ್ಟು ಬಿಟ್ಕೊಟ್ರೆ ಸಾಕು. ಆಮೇಲೆ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರು ಅನ್ನೋ ಸೆಟ್ಟಿಂಗ್) ಕೂಡ ಇಳ್ಸಿ, 70 ಡಿಗ್ರಿ ಬಂದ್ರೂ ಪರ್ವಾಗಿಲ್ಲ. ಹಂಗೇ ಆ 16 ಪಿನ್ನಿನ ಪವರ್ ಕನೆಕ್ಟರ್ ಪೂರ್ತಿ ಒಳಗೆ ಕೂತಿದ್ಯಾ ಅಂತ ಟಾರ್ಚ್ ಹಾಕಿ ಒಂದ್ಸಲ ನೋಡ್ಬಿಡಿ.