ಮುಷ್ಕರದ ನಷ್ಟಕ್ಕೆ ಕಾರ್ಮಿಕ ಸಂಘದ ಮೇಲೆ ದಾವೆ ಹಾಕಬಹುದಾ?

ನಮಸ್ಕಾರ. ಮುಷ್ಕರದಿಂದಾದ ನಷ್ಟವನ್ನು ಸಂಘದಿಂದ ವಸೂಲಿ ಮಾಡುವಂತಿಲ್ಲ ಅನ್ನುವ ರಕ್ಷಣೆ ಎಲ್ಲಿಂದ ಬಂತು, ಈಗಲೂ ಇದೆಯಾ ಅಂತ ಕೇಳಿದ್ದೀರಿ.

ಇದರ ಮೂಲ ಮದ್ರಾಸಿನಲ್ಲಿದೆ. 1918ರಲ್ಲಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ಮತ್ತು ಜೊತೆಗಾರರು ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳ ಕೆಲಸಗಾರರಿಗಾಗಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. 1920ರ ಜಗಳದಲ್ಲಿ ಮಾಲೀಕರು ಹೈಕೋರ್ಟಿಗೆ ಹೋಗಿ ವಾಡಿಯಾ ವಿರುದ್ಧ ತಡೆಯಾಜ್ಞೆ ತಂದರು, ನಷ್ಟವನ್ನೂ ಕೇಳಿದರು. ಕೊನೆಗೆ ವಾಡಿಯಾ ಸಂಘದಿಂದ ದೂರ ಸರಿಯಬೇಕಾಯಿತು. ಕೂಲಿ ಕೇಳಿದವರ ನಾಯಕನನ್ನೇ ಹೀಗೆ ಕಿತ್ತುಹಾಕಿದರೆ ಉಳಿದವರು ಬಾಯಿ ಬಿಡುತ್ತಾರಾ? ಈ ಅನ್ಯಾಯ ಈಗ ಓದಿದರೂ ಸಿಟ್ಟು ಬರುತ್ತದೆ.

1921ರ ಮಾರ್ಚ್‌ನಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿ ಮತ್ತು ರಕ್ಷಣೆಗೆ ಕಾನೂನು ಬೇಕು ಅಂತ ನಿರ್ಣಯ ತಂದರು. ಸಭೆ ಒಪ್ಪಿತು. ಆದರೂ ಕಾರ್ಮಿಕ ಸಂಘಗಳ ಕಾಯ್ದೆ (ಟ್ರೇಡ್ ಯೂನಿಯನ್ಸ್ ಆಕ್ಟ್) ಬರಲು 1926 ಆಯಿತು, ಜಾರಿಗೆ ಬಂದಿದ್ದು 1927ರ ಜೂನ್‌ನಲ್ಲಿ. ಅದರ 18ನೇ ಕಲಮೇ ನೀವು ಕೇಳಿದ ರಕ್ಷಣೆ. ಗಮನಿಸಿ, ಅದು ನೋಂದಾಯಿತ ಸಂಘಕ್ಕೆ ಮಾತ್ರ. ಹೊಡೆದಾಟ, ಆಸ್ತಿ ಹಾಳು ಮಾಡುವುದಕ್ಕೆಲ್ಲ ರಕ್ಷಣೆ ಇಲ್ಲ.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ಆದರೆ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಲೇಬೇಕು. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ವಿರೋಧ ಪಕ್ಷಗಳು ಸದನ ಬಹಿಷ್ಕರಿಸಿದ್ದ ಹೊತ್ತಿನಲ್ಲಿ ಈ ಸಂಹಿತೆ ಪಾಸಾಯಿತು. ಇಂಥ ವಿಷಯಕ್ಕೆ ಇನ್ನೂ ಜಾಸ್ತಿ ಚರ್ಚೆ ಬೇಕಿತ್ತು ಅಲ್ವಾ? ನಿಮ್ಮ ಸಂಘ ನೋಂದಣಿ ಆಗಿದೆಯಾ ಅಂತ ಮೊದಲು ನೋಡಿಕೊಳ್ಳಿ.