ಕಿಲೋಮೀಟರ್ ಬಿಡಿ, ನಿಮಿಷ ಎಣಿಸಿ: ಅರವತ್ತರ ಆಸುಪಾಸಿನಲ್ಲಿ ಮತ್ತೆ ಸೈಕಲ್

ಪ್ರಶ್ನೆ: ನನಗೆ 61 ವರ್ಷ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ. ಹೈಸ್ಕೂಲ್ ಮಾಸ್ತರನಾಗಿದ್ದೆ, ಹೋದ ವರ್ಷ ನಿವೃತ್ತನಾದೆ. ಕಾಲೇಜಿನ ದಿನಗಳಲ್ಲಿ ಊರಿಂದ ಗದಗಕ್ಕೆ ದಿನಾ ಸೈಕಲ್ ಮೇಲೇ ಹೋಗಿ ಬರುತ್ತಿದ್ದೆ. ಸ್ಕೂಟರ್ ಬಂದ ಮೇಲೆ ಅದು ಬಿಟ್ಟೇ ಹೋಯಿತು. ಎಂಟು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ತಗೋತೀನಿ, ಬಿಪಿಗೆ ಮೆಟೊಪ್ರೊಲಾಲ್. ಈಗ ಮಗ ಗೇರ್ ಸೈಕಲ್ ಕೊಡಿಸಿದ್ದಾನೆ. ಹುಬ್ಬಳ್ಳಿಯಿಂದ ಗದಗಕ್ಕೆ ಒಮ್ಮೆ ಸೈಕಲ್ ಮೇಲೆ ಹೋಗಬೇಕು ಅನ್ನುವ ಆಸೆ. ಮನೆಯಲ್ಲಿ ಎಲ್ಲರೂ ಬೇಡ ಅಂತಾರೆ. ಈ ವಯಸ್ಸಿಗೆ ಇದು ಸರೀನಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಸ್ತರರೇ, ಖಂಡಿತ ಹೋಗಬಹುದು. ಆದರೆ ಈಗ ಜೂನ್. ದೀಪಾವಳಿ ಕಳೆದ ಮೇಲೆ ಅಂತ ಇಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ. ನಾಲ್ಕೈದು ತಿಂಗಳ ತಯಾರಿಯಿದ್ದರೆ ನಿಮ್ಮ ವಯಸ್ಸಿಗೆ ಅದು ದೊಡ್ಡ ದೂರವಲ್ಲ.

ಮನೆಯವರಿಗೆ ಒಬ್ಬರ ವಿಷಯ ಹೇಳಿ. ಫ್ರಾನ್ಸಿನ ರಾಬರ್ಟ್ ಮಾರ್ಷಾಂ ಯೌವನದಲ್ಲಿ ಸೈಕಲ್ ಬಿಟ್ಟವರು, ಮತ್ತೆ ಹಿಡಿದದ್ದು 68ನೇ ವಯಸ್ಸಿನಲ್ಲಿ. 2017ರಲ್ಲಿ, 105 ವರ್ಷದವರಾಗಿದ್ದಾಗ, ಒಂದು ಗಂಟೆಯಲ್ಲಿ 22.5 ಕಿ.ಮೀ. ದಾಟಿದರು. ಅವರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದು ಇನ್ನೂ ದೊಡ್ಡದು. ನೂರು ದಾಟಿದ ಮೇಲೂ ತಾಲೀಮಿನಿಂದ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಾಗಿತ್ತು. ಎಲ್ಲರೂ ಮಾರ್ಷಾಂ ಆಗುವುದಿಲ್ಲ, ನಿಜ. ಆದರೆ ವಯಸ್ಸಾಯಿತು, ಇನ್ನು ದೇಹ ಕಲಿಯುವುದಿಲ್ಲ ಅನ್ನುವ ಮಾತು ಸುಳ್ಳು ಅಂತ ಅವರು ತೋರಿಸಿಕೊಟ್ಟರು.

ಈಗ ನಿಮ್ಮ ಮಾತ್ರೆಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗ್ಲಿಮಿಪಿರೈಡ್ ತಗೊಳ್ಳುವವರಿಗೆ ವ್ಯಾಯಾಮದಲ್ಲಿ ಶುಗರ್ ತೀರಾ ಇಳಿಯುವ ಅಪಾಯವಿದೆ. ಬರೀ ಮೆಟ್‌ಫಾರ್ಮಿನ್ ಆಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ಶುಗರ್ ಇಳಿದಾಗ ಎದೆ ಡವಡವ ಅನ್ನುವುದು, ಕೈ ನಡುಗುವುದು ದೇಹ ಕೊಡುವ ಎಚ್ಚರಿಕೆ. ನೀವು ತಗೊಳ್ಳುವ ಮೆಟೊಪ್ರೊಲಾಲ್ ಆ ಎಚ್ಚರಿಕೆಯನ್ನೇ ಮರೆಮಾಚುತ್ತದೆ. ಬೆವರು ಮಾತ್ರ ಬರುತ್ತದೆ. ಸೈಕಲ್ ಹೊಡೆಯುವಾಗ ಬೆವರು ಹೇಗೂ ಇರುತ್ತದೆ, ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಸೈಕಲ್ ಹತ್ತುವ ಮುಂಚೆ ಮತ್ತು ಇಳಿದ ಮೇಲೆ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ. ಹೊರಡುವ ಮುಂಚೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. ದಾರಿಯಲ್ಲಿ ತಲೆ ಮಂಕಾದರೆ, ಕಣ್ಣು ಮಂಜಾದರೆ, ಸುಮ್ನೆ ಸಿಟ್ಟು ಬರತೊಡಗಿದರೂ ನಿಲ್ಲಿಸಿ. 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಚಮಚ, ನೀರಲ್ಲಿ ಕಲಸಿ ಕುಡಿಯಿರಿ. ಕಾಲು ಗಂಟೆ ಕೂತು ಮತ್ತೆ ನೋಡಿ. 70ರ ಮೇಲೆ ಬರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಜೇಬಲ್ಲಿ ಫೇಡೆ ಇದೆಯಲ್ಲ ಅಂತ ಹೇಳುವವರು ನಮ್ಮ ಧಾರವಾಡದಲ್ಲಿ ಬಹಳ ಜನ. ಈ ಕೆಲಸಕ್ಕೆ ಫೇಡೆ ಆಗುವುದಿಲ್ಲ. ಅದರಲ್ಲಿರುವ ಹಾಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ದೂರ ಹೋದ ದಿನ ರಾತ್ರಿಯೂ ಶುಗರ್ ಇಳಿಯಬಹುದು, ಮನೆಯವರಿಗೂ ಇದು ಗೊತ್ತಿರಲಿ. ಮಾತ್ರೆಯ ಪ್ರಮಾಣ ನೀವಾಗಿಯೇ ಕಡಿಮೆ ಮಾಡಬೇಡಿ. ಬರೆದಿಟ್ಟ ಶುಗರ್ ಲೆಕ್ಕ ಒಯ್ದು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಬದಲಾಯಿಸುತ್ತಾರೆ.

ಮೆಟೊಪ್ರೊಲಾಲ್‌ನಿಂದ ಇನ್ನೊಂದು ಪರಿಣಾಮವೂ ಇದೆ. ಅದು ನಾಡಿ ಏರದಂತೆ ಹಿಡಿಯುತ್ತದೆ. ಕೈಗಡಿಯಾರ ತೋರಿಸುವ ನಾಡಿ ಲೆಕ್ಕ ನಂಬಿ ಇನ್ನೂ ಜೋರಾಗಿ ತುಳಿಯಬೇಡಿ. ನಿಮಗೆ ಸರಿಯಾದ ಅಳತೆ ಮಾತು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರುತ್ತಿದ್ದರೆ ವೇಗ ಸರಿ ಇದೆ. ಎರಡು ಶಬ್ದಕ್ಕೆ ಉಸಿರು ಸಿಕ್ಕಿಕೊಂಡರೆ ಜಾಸ್ತಿಯಾಯಿತು.

ಶುರು ಮಾಡುವ ಮುಂಚೆ ಒಂದು ಇಸಿಜಿ ಮಾಡಿಸಿ. ಶುಗರ್ ಇಷ್ಟು ವರ್ಷದ್ದು ಇರುವುದರಿಂದ ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕಣ್ಣಿನ ಒಳಪದರ ಮತ್ತು ಪಾದಗಳನ್ನೂ ತೋರಿಸಿಕೊಳ್ಳಿ. ಒಂದು ಮಾತು ಒತ್ತಿ ಹೇಳುತ್ತೇನೆ. ಶುಗರ್ ಇದ್ದವರಿಗೆ ಹೃದಯಾಘಾತದಲ್ಲಿ ಎದೆನೋವು ಬರದೇ ಇರಬಹುದು. ಬರೀ ಏದುಸಿರು, ತಣ್ಣನೆ ಬೆವರು, ಹೊಟ್ಟೆ ಮೇಲ್ಭಾಗದಲ್ಲಿ ಬಿಗಿತ ಅಷ್ಟೇ ಇರಬಹುದು. ಗ್ಯಾಸ್ ಆಗಿರಬೇಕು ಅಂತ ಸೋಡಾ ಕುಡಿದು ಮತ್ತೆ ಸೈಕಲ್ ಹತ್ತಬೇಡಿ. ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ.

ಈಗ ಎಷ್ಟು ಹೊಡೆಯಬೇಕು ಅನ್ನುವುದು. ಇಲ್ಲಿ ನನ್ನ ಮಾತು ಒಂದೇ. ಕಿಲೋಮೀಟರ್ ಎಣಿಸಬೇಡಿ, ನಿಮಿಷ ಎಣಿಸಿ. ಮೊದಲ ಮೂರು ವಾರ ದಿನ ಬಿಟ್ಟು ದಿನ 20ರಿಂದ 25 ನಿಮಿಷ. ಆಮೇಲೆ ವಾರದಲ್ಲಿ ಒಂದು ದಿನ ಮಾತ್ರ ಉದ್ದದ ಸವಾರಿ. ಅದನ್ನು ಪ್ರತಿ ವಾರ ಹತ್ತು ನಿಮಿಷ ಬೆಳೆಸಿ. ನಾಲ್ಕನೇ ವಾರಕ್ಕೊಮ್ಮೆ ಕಡಿಮೆ ಮಾಡಿ, ದೇಹಕ್ಕೆ ಬಿಡುವು ಕೊಡಿ. ಬರೀ ಆರೋಗ್ಯಕ್ಕಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಅದರಲ್ಲೂ ಲೆಕ್ಕ ನಿಮಿಷದ್ದೇ ಅಲ್ವಾ? ಉದ್ದದ ಸವಾರಿ ಎರಡೂವರೆ ಗಂಟೆ ಆರಾಮಾಗಿ ಆಗತೊಡಗಿದರೆ ಗದಗ ನಿಮ್ಮ ಕೈಗೆ ಸಿಕ್ಕಂತೆ. ಗಂಟೆಗೆ 15 ಕಿ.ಮೀ. ಅಂದರೂ ನಾಲ್ಕು ಗಂಟೆ ತುಳಿದರೆ ಸಾಕು, ನಡುವೆ ಎಷ್ಟು ಬೇಕಾದರೂ ನಿಲ್ಲಬಹುದು.

ನಿಮಿಷವೇ ಯಾಕೆ ಅಂದರೆ, ನಮ್ಮ ಭಾಗದಲ್ಲಿ ಕಿಲೋಮೀಟರ್ ನಂಬುವ ಹಾಗಿಲ್ಲ. ಕಾರಣ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಕುಸುಗಲ್ ದಾಟಿ ನವಲಗುಂದದ ರಸ್ತೆ ಹಿಡಿದರೆ ಎರಡೂ ಕಡೆ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ಹೋಗುವಾಗ ಗಾಳಿ ಬೆನ್ನಿಗೆ ಇರುತ್ತದೆ, ಸೈಕಲ್ ತಾನೇ ಓಡುತ್ತದೆ. ಅಬ್ಬಾ, ಎಷ್ಟು ಶಕ್ತಿ ಬಂದಿದೆ ಅನಿಸುತ್ತದೆ. ತಿರುಗಿ ಬರುವಾಗ ಅದೇ ಹತ್ತು ಕಿಲೋಮೀಟರ್‌ಗೆ ಎರಡು ಪಟ್ಟು ಶ್ರಮ, ಅದೂ ದಣಿದ ಮೇಲೆ. ಗದಗ ಜಿಲ್ಲೆಯಲ್ಲಿ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮೊದಲು ಉಣಕಲ್, ನವನಗರದ ಕಡೆ, ಗಾಳಿಗೆ ಎದುರಾಗಿ ಹೋಗಿ. ಬರುವಾಗ ಅದು ನಿಮ್ಮನ್ನು ಮನೆಗೆ ತಂದು ಬಿಡುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಆ ರಸ್ತೆಯಲ್ಲಿ ಚಿಗರಿ ಬಸ್ಸಿನ ಲೇನು ಖಾಲಿ ಕಾಣುತ್ತದೆ ಅಂತ ಅದರೊಳಗೆ ಹೋಗಬೇಡಿ, ಬಸ್ಸು ಬಹಳ ವೇಗವಾಗಿ ಬರುತ್ತದೆ.

ದೀಪಾವಳಿ ನಂತರ ಗಾಳಿ ತಿರುಗುತ್ತದೆ, ಆಗ ಗದಗಕ್ಕೆ ಹೋಗುವಾಗ ಎದುರುಗಾಳಿ. ಬೆಳಕು ಹರಿಯುತ್ತಲೇ ಬಿಟ್ಟರೆ ಗಾಳಿ ಜೋರಾಗುವ ಮೊದಲು ಅಣ್ಣಿಗೇರಿ ಮುಟ್ಟಬಹುದು. ಅಮೃತೇಶ್ವರ ಗುಡಿಯ ಹತ್ತಿರ ಅರ್ಧ ಗಂಟೆ ಕೂತು, ಅವಲಕ್ಕಿನೋ ಬಾಳೆಹಣ್ಣೋ ತಿಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿದು ಮುಂದೆ ಹೊರಡಿ. ಮಿರ್ಚಿ ಭಜಿ ಗದಗ ಮುಟ್ಟಿದ ಮೇಲೆ.

ಇನ್ನೊಂದು ಎಚ್ಚರಿಕೆ. ಎರಡನೇ, ಮೂರನೇ ತಿಂಗಳು ಅಪಾಯದ್ದು. ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯಂಥ ಭಾಗಗಳಿಗೆ ತಿಂಗಳುಗಳೇ ಬೇಕು. ಮೊದಲೇ ಸೈಕಲ್ ಹೊಡೆದವರಿಗೆ ಈ ಕಷ್ಟ ಜಾಸ್ತಿ, ಯಾಕೆಂದರೆ ನಿಮ್ಮ ಮನಸ್ಸಿನಲ್ಲಿ ಇಪ್ಪತ್ತರ ಹುಡುಗನ ವೇಗ ಇನ್ನೂ ಇದೆ. ಕ್ಲಿನಿಕ್ಕಿಗೆ ಮೊಣಕಾಲು ಹಿಡಿದುಕೊಂಡು ಬರುವವರು ಹೆಚ್ಚಾಗಿ ಈ ಹಂತದವರೇ.

ರಸ್ತೆಯ ಮೇಲೆ ಎರಡು ಸಂಗತಿ ನೆನಪಿರಲಿ. ಸುಗ್ಗಿಯಲ್ಲಿ ರೈತರು ಡಾಂಬರಿನ ಮೇಲೆ ಗೋವಿನಜೋಳ, ಕಡಲೆ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಇಳಿದು ನಡೆದು ದಾಟಿ. ಇನ್ನು ರಸ್ತೆ ಬದಿಯ ನೆಗ್ಗಿಲ ಮುಳ್ಳು. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಬೆರಳ ತುದಿಯನ್ನು ಮೆಲ್ಲಗೆ ಒಂದು ಸುತ್ತು ಆಡಿಸಿ. ಮುರಿದ ಮುಳ್ಳಿನ ತುದಿ ರಬ್ಬರಿನಲ್ಲೇ ಉಳಿದಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಕೀಳದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಕೂರುತ್ತದೆ.

ಓದುವ ಮತ್ತು ದೂರದ ನೋಟ ಎರಡೂ ಇರುವ ಕನ್ನಡಕ ಹಾಕುತ್ತೀರಾದರೆ, ಸೈಕಲ್ಲಿಗೆ ಬರೀ ದೂರದ್ದು ಬೇರೆ ಮಾಡಿಸಿ. ಕೆಳಗಿನ ಭಾಗದಿಂದ ನೋಡಿದರೆ ಮುಂದಿನ ಚಕ್ರದ ಹತ್ತಿರದ ಗುಂಡಿ ಮಸುಕಾಗಿ ಕಾಣುತ್ತದೆ. ಕತ್ತು ಹಿಂದೆ ತಿರುಗುವುದು ಕಷ್ಟವಾದರೆ ಹ್ಯಾಂಡಲ್ಲಿಗೆ ಕನ್ನಡಿ ಹಾಕಿಸಿ. ಹೆಲ್ಮೆಟ್ ಮತ್ತು ಹಿಂದೆ ಕೆಂಪು ದೀಪ ಇಲ್ಲದೆ ಹೊರಡಬೇಡಿ.

ಪ್ರಶ್ನೆ: ನನಗೆ 54, ಧಾರವಾಡ ಸಪ್ತಾಪುರದವಳು. ಮೊಣಕಾಲು ಸವೆತ ಶುರುವಾಗಿದೆ ಅಂದಿದ್ದಾರೆ. ಮೂವತ್ತು ವರ್ಷದ ನಂತರ ಸೈಕಲ್ ತಗೊಂಡೆ. ಹದಿನೈದು ನಿಮಿಷ ಹೊಡೆದರೆ ಮಂಡಿಯ ಮುಂಭಾಗ ನೋಯುತ್ತದೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ಅಕ್ಕಾ. ಸವೆತ ಶುರುವಾದ ಮಂಡಿಗೆ ಸೈಕಲ್ ಒಳ್ಳೆಯದೇ, ಮೈಭಾರ ಕಾಲ ಮೇಲೆ ಬೀಳುವುದಿಲ್ಲ. ನಿಮ್ಮ ಸೀಟು ತಗ್ಗಾಗಿದೆ ಅಂತ ನನ್ನ ಅನುಮಾನ. ಹೆಣ್ಣುಮಕ್ಕಳು ಬಂದರೆ, ವಯಸ್ಸಾದವರು ಬಂದರೆ, ಎರಡೂ ಪಾದ ನೆಲಕ್ಕೆ ಊರುವ ಹಾಗೆ ಸೀಟು ಇಳಿಸಿಕೊಡುವುದು ಅಂಗಡಿಗಳಲ್ಲಿ ರೂಢಿ. ಭದ್ರ ಅನಿಸುತ್ತದೆ, ಆದರೆ ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚಿ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ.

ಹೀಗೆ ಮಾಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದು ಪೆಡಲ್ ಪೂರ್ತಿ ಕೆಳಗಿಳಿಸಿ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಚಿರುತ್ತದೆ, ಅದೇ ಸರಿಯಾದ ಎತ್ತರ. ಒಂದೇ ದಿನ ಏರಿಸಬೇಡಿ, ವಾರಕ್ಕೆ ಒಂದು ಬೆರಳಗಲ ಸಾಕು. ಇಷ್ಟು ಎತ್ತರದಲ್ಲಿ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರಬೇಕಾಗುತ್ತದೆ. ಅದನ್ನು ರಸ್ತೆಯಲ್ಲಿ ಅಲ್ಲ, ಕರ್ನಾಟಕ ಕಾಲೇಜಿನ ಮೈದಾನದಂಥ ಕಡೆ ರೂಢಿ ಮಾಡಿಕೊಳ್ಳಿ. ಮಂಡಿಯ ಹಿಂಭಾಗ ನೋಯತೊಡಗಿದರೆ ಸೀಟು ಜಾಸ್ತಿ ಏರಿದೆ ಅಂತ ತಿಳಿಯಿರಿ.

ಧಾರವಾಡದಲ್ಲಿ ಏರು ತಪ್ಪಿದ್ದಲ್ಲ. ಏರು ಬರುವ ಮೊದಲೇ ಹಗುರ ಗೇರಿಗೆ ಬನ್ನಿ, ನಿಮಿಷಕ್ಕೆ 70 ಸುತ್ತಿನಷ್ಟು ಬೇಗ ತುಳಿಯಿರಿ. ಭಾರದ ಗೇರಿನಲ್ಲಿ ನಿಧಾನ ಒತ್ತುವುದೇ ಮಂಡಿಗೆ ಕೆಡುಕು. ಇಳಿದು ತಳ್ಳಿದರೂ ಏನೂ ತಪ್ಪಿಲ್ಲ. ಮಂಡಿ ಊದಿಕೊಂಡರೆ, ಅಥವಾ ಮರುದಿನವೂ ನೋವು ಉಳಿದರೆ ನಿಮಿಷ ಅರ್ಧಕ್ಕೆ ಇಳಿಸಿ. ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ, ಚಕ್ರಕ್ಕೆ ಸಿಕ್ಕರೆ ದೊಡ್ಡ ಅನಾಹುತ.

ಮುಟ್ಟು ನಿಂತ ಮೇಲೆ ಎಲುಬು ತೆಳುವಾಗುತ್ತದೆ. ಸೈಕಲ್ಲಿನಿಂದ ಎಲುಬು ಗಟ್ಟಿಯಾಗುವುದಿಲ್ಲ, ಅದಕ್ಕೆ ಮೈಭಾರ ಕಾಲ ಮೇಲೆ ಬೀಳಲೇಬೇಕು. ಆದ್ದರಿಂದ ನಡಿಗೆ ಬಿಡಬೇಡಿ, ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮವನ್ನೂ ಮಾಡಿ.

ಪ್ರಶ್ನೆ: ಹಾವೇರಿಯಿಂದ. 58 ವರ್ಷ. ಒಂದು ಗಂಟೆ ದಾಟಿದರೆ ಕಿರುಬೆರಳು ಜೋಮು ಹಿಡಿಯುತ್ತದೆ, ಕೂರುವ ಜಾಗವೂ ಮರಗಟ್ಟುತ್ತದೆ. ಜೆಲ್ ಕವರ್ ಹಾಕಿದೆ, ಏನೂ ಉಪಯೋಗವಾಗಲಿಲ್ಲ.

ಉತ್ತರ: ಜೆಲ್ ಕವರ್ ತೆಗೆಯಿರಿ. ಮೆತ್ತನೆಯದರಲ್ಲಿ ಎಲುಬು ಮುಳುಗಿ ನಡುವಿನ ನರಗಳ ಮೇಲೆ ಒತ್ತಡ ಬೀಳುತ್ತದೆ. ಸ್ವಲ್ಪ ಗಟ್ಟಿ, ನಡುವೆ ಸೀಳಿರುವ ಸೀಟು ಹಾಕಿಸಿ. ಸೀಟಿನ ಮೂತಿ ಮೇಲೆ ಎದ್ದಿದ್ದರೆ ಸಮ ಮಾಡಿಸಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ರಕ್ತ ಓಡಲು ಬಿಡಿ. ಕಿರುಬೆರಳಿನ ಜೋಮು ಅಂಗೈಯ ಹೊರಬದಿಯ ನರ ಒತ್ತಿದ್ದರಿಂದ ಬರುತ್ತದೆ. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಕೈ ಹಿಡಿತ ಬದಲಿಸುತ್ತಾ ಇರಿ, ಟೈರಿಗೆ ಗಾಳಿ ಕಲ್ಲಿನಂತೆ ತುಂಬಬೇಡಿ. ಮನೆಯಲ್ಲಿ ಸುಮ್ನೆ ಕೂತಾಗಲೂ ಜೋಮು ಉಳಿದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಗೆ 66, ಗದಗದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ. ಈಗ ದಿನಾ ಸೈಕಲ್ ಹೊಡೆಯುತ್ತಾರೆ. ಗೆಳೆಯರ ಮಾತು ಕೇಳಿ 200 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುತ್ತೇನೆ ಅಂತಿದ್ದಾರೆ. ತಡೆಯಲಾ?

ಉತ್ತರ: ತಡೆಯಬೇಡಿ, ಮುಂದಕ್ಕೆ ಹಾಕಿಸಿ. 200 ಕಿ.ಮೀ. ಬ್ರೆವೆಗೆ ಸಮಯದ ಮಿತಿ ಹದಿಮೂರೂವರೆ ಗಂಟೆ. ಅದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ. ಆದರೂ ಬಿಸಿಲಲ್ಲಿ ಇಡೀ ದಿನ ಅಂದರೆ ಸಣ್ಣ ಮಾತಲ್ಲ. 2018ರಲ್ಲಿ ಬ್ರಿಟನ್ನಿನಲ್ಲಿ 55ರಿಂದ 79 ವರ್ಷದ 125 ಸೈಕಲ್ ಸವಾರರ ಅಧ್ಯಯನ ಪ್ರಕಟವಾಯಿತು. ಅವರ ಸ್ನಾಯು, ರೋಗನಿರೋಧಕ ಶಕ್ತಿ ಎರಡೂ ವಯಸ್ಸಿಗಿಂತ ಎಷ್ಟೋ ಚೆನ್ನಾಗಿದ್ದವು. ಅದನ್ನು ತೋರಿಸಿ ತಂದೆ ವಾದಿಸಬಹುದು. ಆದರೆ ಅವರೆಲ್ಲ ಬದುಕಿನ ಬಹುಪಾಲು ಸೈಕಲ್ ಬಿಡದೇ ಹೊಡೆದ, ಆರೋಗ್ಯವಂತ ಜನ. ಸ್ಟೆಂಟ್ ಹಾಕಿಸಿಕೊಂಡು ಹೊಸದಾಗಿ ಶುರು ಮಾಡಿದವರಿಗೆ ಅದೇ ಲೆಕ್ಕ ಹಿಡಿಯಲಾಗದು.

ಮೊದಲು ಹೃದಯ ತಜ್ಞರ ಹತ್ತಿರ ಹೋಗಿ, ಎಷ್ಟು ಹೊತ್ತಿನ ಸವಾರಿ ಅಂತ ಬಿಡಿಸಿ ಹೇಳಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಬರೀ ಸೈಕಲ್ ಅಂದರೆ ಅವರು ಓಣಿಯೊಳಗಿನ ಸುತ್ತಾಟ ಅಂದುಕೊಂಡಾರು. ಅವರು ಒಪ್ಪಿದರೆ ಲಕ್ಕುಂಡಿಗೆ ಹೋಗಿ ಬರುವುದು ಒಳ್ಳೆಯ ಆರಂಭ, ಗದಗದಿಂದ ಒಂದು ಕಡೆಗೆ 12 ಕಿ.ಮೀ. ಅಷ್ಟೇ. ಆಮೇಲೆ ಮೂರು ಗಂಟೆ, ಐದು ಗಂಟೆ ಹೀಗೆ ಬೆಳೆಸುತ್ತಾ ಬರಲಿ. ಎಂಟು ಗಂಟೆಯ ಸವಾರಿ ಮಾಡಿ ಮರುದಿನ ಎಂದಿನಂತೆ ಓಡಾಡಿದರೆ ಬ್ರೆವೆಗೆ ಹೆಸರು ಕೊಡಲಿ. ಒಬ್ಬರೇ ಹೋಗುವುದು ಬೇಡ.

ಸ್ಟೆಂಟ್ ಇದ್ದವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯಲ್ಲಿರುತ್ತಾರೆ. ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ಎದ್ದು ಮಾತಾಡುತ್ತಿದ್ದಾರೆ ಅಂತ ಮನೆಗೆ ಕರೆತರಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆಗಳ ಹೆಸರು, ಸ್ಟೆಂಟ್ ಹಾಕಿದ ದಿನಾಂಕ, ನಿಮ್ಮ ಫೋನ್ ನಂಬರ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವರ ಜೇಬಿನಲ್ಲಿಡಿ.