ನಿಮ್ಮ ಯಾಸೆನೊವಾತ್ಸ್ ಲೇಖನದ ಬಗ್ಗೆ

ನಮಸ್ಕಾರ.

ನಾಜಿಗಳ ಬೆಂಬಲದಿಂದ ಕ್ರೊಯೇಷಿಯಾ ಆಳಿದ ಉಸ್ತಾಶಾಗಳು 1941ರಿಂದ 1945ರವರೆಗೆ ನಡೆಸಿದ ಯಾಸೆನೊವಾತ್ಸ್ ಶಿಬಿರದ ಕುರಿತು ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಬರಲೇಬೇಕಾದ ವಿಷಯ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ.

ನನ್ನ ತಕರಾರು ಮುಖ್ಯವಾಗಿ ಈ ಸಾಲಿನ ಮೇಲೆ: ‘ಸತ್ತವರು ಏಳು ಲಕ್ಷ ಎಂದು ಸರ್ಬರು, ಕೆಲವೇ ಸಾವಿರ ಎಂದು ಕ್ರೊಯೇಷಿಯಾದ ಕೆಲವರು, ಸತ್ಯ ಎಲ್ಲೋ ನಡುವೆ ಇರಬೇಕು.’ ಹೀಗೆ ಕೈತೊಳೆದುಕೊಳ್ಳಬೇಡಿ. ಅಲ್ಲಿನ ಸ್ಮಾರಕ ಸಂಸ್ಥೆ 83,145 ಮಂದಿಯನ್ನು ಹೆಸರು ಹಿಡಿದು ಗುರುತಿಸಿದೆ. 47,627 ಸರ್ಬರು, 16,173 ರೋಮಾಗಳು (ಜಿಪ್ಸಿಗಳೆಂದು ಕರೆಯುತ್ತಿದ್ದ ಸಮುದಾಯ), 13,116 ಯಹೂದಿಗಳು, ಕ್ರೊಯೇಷಿಯನ್ನರೂ ಇದ್ದಾರೆ. ಮಕ್ಕಳೇ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಆದರೂ ‘ಕೆಲವೇ ಸಾವಿರ’ ಎನ್ನುವುದು ಸುಳ್ಳು. ಸುಳ್ಳು ಎಂದೇ ಬರೆಯಿರಿ.

ಏಳು ಲಕ್ಷದ ಕಥೆ ಬೇರೆ. ಯುದ್ಧ ಮುಗಿದ ಮೇಲೆ ಪರಿಹಾರ ಕೇಳುವಾಗ, ಕ್ರೊಯೇಷಿಯಾ, ಸರ್ಬಿಯಾ, ಬೋಸ್ನಿಯಾ ಎಲ್ಲ ಸೇರಿದ್ದ ಆಗಿನ ಯುಗೊಸ್ಲಾವಿಯಾ ಇಡೀ ದೇಶದಲ್ಲಿ 17 ಲಕ್ಷ ಜನ ಸತ್ತರೆಂದಿತ್ತು. 1980ರ ದಶಕದಲ್ಲಿ ಜನಸಂಖ್ಯೆಯ ಆಧಾರದಲ್ಲಿ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಸುಮಾರು 10 ಲಕ್ಷ. ಶಿಬಿರದ ಅಂಕಿಯೂ ಯುದ್ಧದ ನಂತರದ ವರ್ಷಗಳಲ್ಲೇ ಹೀಗೆ ಉಬ್ಬಿತ್ತು. ಇದರಿಂದ ಅನುಕೂಲವಾದದ್ದು ಅಲ್ಲಗಳೆಯುವವರಿಗೆ. ಅಂಕಿ ತಪ್ಪು, ಹಾಗಾಗಿ ಕೊಲೆಯೂ ಸುಳ್ಳು ಎಂದು ಅವರು ವಾದ ಹೂಡಿದರು. ಉಬ್ಬಿಸುವುದನ್ನೂ ಅಲ್ಲಗಳೆಯುವುದನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ವಾಸ್ತುಶಿಲ್ಪಿ ಬೊಗ್ದಾನ್ ಬೊಗ್ದಾನೊವಿಚ್ 1966ರಲ್ಲಿ ಶಿಬಿರದ ಜಾಗದಲ್ಲಿ ನಿಲ್ಲಿಸಿದ ಸ್ಮಾರಕ, ಆ ಕಾಂಕ್ರೀಟ್ ಹೂವಿಗೆ ಒಂದಿಡೀ ಪುಟ ಕೊಟ್ಟಿದ್ದೀರಿ. ಅರ್ಧ ಸಾಕು. ಅದರತ್ತ ಹೋಗುವ ದಾರಿಗೆ ರೈಲ್ವೆ ಸ್ಲೀಪರ್ ಹಾಸಿದ್ದಾರೆ, ಮ್ಯೂಸಿಯಂನಲ್ಲಿ ಚಾವಣಿಯಿಂದ ಇಳಿಬಿಟ್ಟ ಗಾಜಿನ ಹಲಗೆಗಳ ಮೇಲೆ ಸತ್ತವರ ಹೆಸರು ಕೆತ್ತಿದ್ದಾರೆ. ಇವೆರಡನ್ನೂ ನೀವು ಬಿಟ್ಟದ್ದು ಬೇಸರವಾಯಿತು. ಸಾವಾ ನದಿಯ ಆಚೆ ದಡದ ಡೊನ್ಯಾ ಗ್ರಾದಿನಾ ಲೇಖನದಲ್ಲಿ ಇಲ್ಲವೇ ಇಲ್ಲ. ಅದೂ ಅದೇ ಶಿಬಿರದ ಕೊಲೆಗಳು ನಡೆದ ಜಾಗ, ಈಗ ಬೋಸ್ನಿಯಾದಲ್ಲಿದೆ. ಅಲ್ಲಿ ಸ್ಮಾರಕ ಬೇರೆ, ಸ್ಮರಣೆಯ ಸಭೆ ಬೇರೆ, ಬೋರ್ಡಿನ ಮೇಲೆ ಏಳು ಲಕ್ಷ. ಈಚೆ ದಡದ ಕ್ರೊಯೇಷಿಯಾದಲ್ಲೂ ಒಗ್ಗಟ್ಟಿಲ್ಲ: 2016ರಲ್ಲಿ ಯಹೂದಿ ಮತ್ತು ಸರ್ಬ್ ಸಂಘಟನೆಗಳು ಸರ್ಕಾರಿ ಸ್ಮರಣೆಯನ್ನು ಬಹಿಷ್ಕರಿಸಿದವು. ಆ ವರ್ಷದ ಕೊನೆಗೆ ಯಾಸೆನೊವಾತ್ಸ್ ಊರಲ್ಲೇ ಉಸ್ತಾಶಾ ಕಾಲದ ಘೋಷಣೆಯಿದ್ದ ಫಲಕವೊಂದು ಎದ್ದಿತು. ಮರುವರ್ಷ ಅದನ್ನು ಹತ್ತಿರದ ನೊವ್‌ಸ್ಕಾ ಪಟ್ಟಣಕ್ಕೆ ಸಾಗಿಸಿದರು. ನಿಮ್ಮ ಲೇಖನ ಶುರುವಾಗಬೇಕಾದ್ದು ಈ ಎರಡು ದಡಗಳಿಂದ.

‘ಮನುಕುಲವೇ ತಲೆತಗ್ಗಿಸಿತು’ ಎಂಬ ಮೊದಲ ಪ್ಯಾರಾ ತೆಗೆದುಬಿಡಿ. 1945ರ ಏಪ್ರಿಲ್ 22ರಂದು ಸುಮಾರು 600 ಕೈದಿಗಳು ಶಿಬಿರದಿಂದ ನುಗ್ಗಿ ಓಡಿದರು, ಹೆಚ್ಚಿನವರು ಬದುಕಲಿಲ್ಲ, ಅದಕ್ಕೇ ಸ್ಮರಣೆ ಏಪ್ರಿಲ್‌ನಲ್ಲಿ ನಡೆಯುತ್ತದೆ ಎಂದು ನೇರವಾಗಿ ಹೇಳಿ.

ತಿದ್ದಿ ಕಳಿಸಿ. ಖಂಡಿತ ಮತ್ತೆ ಓದುತ್ತೇನೆ.